ಅಮ್ಮನೂ ನಾಲ್ಕು ಡಬ್ಬಿ, ಅಪ್ಪನೂ ನಾಲ್ಕು ಡಬ್ಬಿ

ಸ್ಮಾರ್ಟ್‌ಫೋನಿಗೆ ಹೊಂದೋ ಕಾರ್ ಸ್ಟೀರಿಯೋ ಕೊಳ್ಳೋದು ಹೇಗೆ ಅಂತ ನೆಟ್ಟಿನಲ್ಲಿ ಹುಡುಕಿದರೆ ಪುಟಗಳ ಮೇಲೆ ಪುಟ ಸಿಗುತ್ತವೆ. ಎಷ್ಟು ವ್ಯಾಟು, ಪರದೆ ಎಷ್ಟು ಇಂಚು, ಬ್ಲೂಟೂತ್ ಇದೆಯಾ, ರಿವರ್ಸ್ ಕ್ಯಾಮೆರಾ ಕೂರುತ್ತಾ, ಸ್ಟೀರಿಂಗ್ ಮೇಲಿನ ಬಟನ್ನು ಕೆಲಸ ಮಾಡ್ತವಾ... ಎಲ್ಲಾ ಇರುತ್ತೆ. "ಈ ಡಬ್ಬ ಕನ್ನಡ ತೋರಿಸುತ್ತಾ?" ಅನ್ನೋ ಪ್ರಶ್ನೆ ಮಾತ್ರ ನಾನು ಓದಿದ ಒಂದು ಪುಟದಲ್ಲೂ ಇರಲಿಲ್ಲ. ಕನ್ನಡದವರು ಕನ್ನಡದವರಿಗಾಗಿ ಮಾಡಿದ ವಿಡಿಯೋಗಳಲ್ಲೂ ಇರಲಿಲ್ಲ!

ನಮ್ಮ ಪೈಕಿ ಬಹಳ ಜನ ಫೋನಿನಲ್ಲಿ ಹೆಸರುಗಳನ್ನ ಕನ್ನಡದಲ್ಲೇ ಇಟ್ಟುಕೊಂಡಿರ್ತೀವಿ. ಅಂಥ ಫೋನನ್ನ ಬ್ಲೂಟೂತಿನಲ್ಲಿ ಕಾರಿನ ಸೆಟ್ಟಿಗೆ ಜೋಡಿಸಿ, ಯಾರಿಂದಲಾದರೂ ಒಂದು ಕರೆ ಮಾಡಿಸಿ ನೋಡಿ. ಸೆಟ್ಟಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಒಂದೊಂದು ಸಂಕೇತಕ್ಕೆ ಒಂದೊಂದು ಡಬ್ಬಿ ಬೀಳುತ್ತೆ. ಯೂನಿಕೋಡಿನಲ್ಲಿ 'ಅಮ್ಮ' ಅಂದರೆ ಅ, ಮ, ಹಲಂತ, ಮ. ಅಲ್ಲಿಗೆ ನಾಲ್ಕು ಡಬ್ಬಿ. ಅಪ್ಪ? ನಾಲ್ಕು. ಅಣ್ಣ, ಅಕ್ಕ, ಅಜ್ಜ? ಎಲ್ಲರೂ ನಾಲ್ಕೇ. ಅತ್ತೆಗೆ ಏತ್ವ ಇರೋದ್ರಿಂದ ಐದು, ಮಾವನಿಗೆ ಮೂರು. ಇನ್ನು 'ಬಾಸ್' ಅಂತ ಹಾಕಿಕೊಂಡಿದ್ದರೆ ಬ, ಆ-ಕಾರ, ಸ, ಹಲಂತ... ಅದೂ ನಾಲ್ಕು! ಊಟ ಆಯ್ತಾ ಅಂತ ಕೇಳೋಕೆ ಅಮ್ಮ ಮಾಡಿದ ಕರೆಯೋ, ರಿಪೋರ್ಟ್ ಎಲ್ಲಿ ಅಂತ ಕೇಳೋಕೆ ಬಾಸ್ ಮಾಡಿದ್ದೋ, ಎತ್ತಿದ ಮೇಲೇ ಗೊತ್ತಾಗಬೇಕು :-)

ಇದಕ್ಕಿಂತ ಕೆಟ್ಟ ಸೆಟ್ಟುಗಳೂ ಇವೆ. ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟು ಬೇಕು. ಅದು ಗೊತ್ತಿಲ್ಲದ ಸೆಟ್ಟು ಒಂದೊಂದು ಬೈಟನ್ನೂ ಬೇರೆ ಅಕ್ಷರ ಅಂದುಕೊಂಡು, ತಲೆ ಮೇಲೆ ಗೀಟು ಇರೋ ಎ, ಪಕ್ಕದಲ್ಲಿ ಪುಟಾಣಿ 2, ಹೀಗೆ ಏನೇನೋ ಉಗುಳುತ್ತೆ. ಹಳೇ ಈಮೇಲುಗಳಲ್ಲಿ ಈ ಕಸವನ್ನ ನೀವೆಲ್ಲಾ ಕಂಡವರೇ. ಮೂರನೇ ಜಾತಿಯದ್ದು ಇನ್ನೂ ನೋವಿನದು. ಫಾಂಟೇನೋ ಇದೆ, ಆದರೆ ಒತ್ತಕ್ಷರ ಕೂಡಿಸೋ ತಂತ್ರಾಂಶ ಇಲ್ಲ. ಒತ್ತು ಕೆಳಗೆ ಇಳಿಯೋಲ್ಲ, ಗುಣಿತ ಅಕ್ಷರಕ್ಕೆ ಅಂಟೋಲ್ಲ, ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತೆ. ಎಕ್ಸ್‌ಪಿ ಕಾಲದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಹಾಕಿಕೊಳ್ಳದ ಕಂಪ್ಯೂಟರಿನಲ್ಲಿ ನಮ್ಮ ಬ್ಲಾಗುಗಳು ಹೇಗೆ ಕಾಣ್ತಿದ್ದವೋ, ಥೇಟ್ ಹಾಗೆ.

ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಇದನ್ನ ತೋರಿಸಿ ಕೇಳಿದೆ. ಅಲ್ಲಿದ್ದ ಹುಡುಗ, ಒಳ್ಳೆಯವನೇ, ಅಚ್ಚ ಕನ್ನಡದಲ್ಲೇ ಹೇಳಿದ: "ಸಾರ್, ಹೆಸ್ರುಗಳನ್ನ ಇಂಗ್ಲೀಷಲ್ಲಿ ಸೇವ್ ಮಾಡ್ಕೊಂಡ್ಬಿಡಿ, ಏನೂ ಪ್ರಾಬ್ಲಮ್ ಇರಲ್ಲ." ನಾನು ಜಗಳಕ್ಕೆ ನಿಂತಿರೋದು ಆ ಹುಡುಗನ ಜೊತೆ ಅಲ್ಲ, ಈ ಮಾತಿನ ಜೊತೆ. ಇಪ್ಪತ್ತು ವರ್ಷದ ಹಿಂದೆ ನಮಗೆಲ್ಲಾ ಇದೇ ಮಾತು ಹೇಳಿದ್ದರು, ನೆನಪಿದೆಯಾ? ಇಂಗ್ಲೀಷ್ ಅಕ್ಷರದಲ್ಲೇ ಕನ್ನಡ ಬರೀರಿ, ಅರ್ಥ ಆದ್ರೆ ಸಾಕಲ್ಲ, ಯಾಕೆ ಅಷ್ಟು ಕಷ್ಟ ಪಡ್ತೀರಿ ಅಂತ. ಆವತ್ತು ಹೂಂ ಅಂದಿದ್ದರೆ ಈ ಪುಟ ಇರ್ತಾ ಇರಲಿಲ್ಲ. ನಿಮ್ಮ ಪುಟಗಳೂ ಇರ್ತಿರಲಿಲ್ಲ. ಸೆಟ್ಟಿಗೆ ತಕ್ಕ ಹಾಗೆ ನನ್ನ ಅಮ್ಮನ ಹೆಸರು ಬದಲಾಯಿಸಬೇಕೋ, ಹೆಸರಿಗೆ ತಕ್ಕ ಸೆಟ್ಟನ್ನ ಅವರು ಮಾಡಬೇಕೋ? ದುಡ್ಡು ಕೊಡ್ತಾ ಇರೋದು ನಾನು ಸ್ವಾಮಿ.

"ತಾಂತ್ರಿಕವಾಗಿ ಕಷ್ಟ" ಅನ್ನೋರಿಗೆ ಒಂದಿಷ್ಟು ಲೆಕ್ಕ. ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಿನಿಂದ, ಅಂದರೆ 1991ರಿಂದ, ಕನ್ನಡ ಅದರಲ್ಲಿದೆ. ಗೂಗಲಿನ ನೋಟೋ ಸ್ಯಾನ್ಸ್ ಕನ್ನಡ ಫಾಂಟು ಪುಕ್ಕಟೆ, ತಮ್ಮ ಸಾಧನದಲ್ಲಿ ಸೇರಿಸಿ ಮಾರೋದಕ್ಕೂ ಲೈಸೆನ್ಸಿನ ಅಡ್ಡಿ ಇಲ್ಲ. ಗಾತ್ರದಲ್ಲಿ ಅದು ಒಂದು ಎಂಪಿ3 ಹಾಡಿಗಿಂತ ಚಿಕ್ಕದು. ಒತ್ತಕ್ಷರ ಕೂಡಿಸೋ ಹಾರ್ಫ್‌ಬಝ್ ಕೂಡಾ ಮುಕ್ತ ತಂತ್ರಾಂಶ, ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಜೋಡಿಸ್ತಾ ಇರೋದು ಅದೇ. ಇದೇ ಕಂಪನಿಗಳ ಕೆಲವು ಸೆಟ್ಟುಗಳ ಮೆನುವಿನಲ್ಲಿ ಅರಬ್ಬಿ ಇದೆ, ಹೀಬ್ರೂ ಇದೆ, ಥಾಯ್ ಇದೆ. ಅರಬ್ಬಿ ಬಲದಿಂದ ಎಡಕ್ಕೆ ಹೋಗುತ್ತೆ, ಅಕ್ಷರ ಪದದ ಯಾವ ಜಾಗದಲ್ಲಿದೆ ಅನ್ನೋದರ ಮೇಲೆ ಅದರ ರೂಪವೇ ಬದಲಾಗುತ್ತೆ. ಅದನ್ನ ಸಂಭಾಳಿಸಿದವರಿಗೆ ನಮ್ಮ 'ಮ'ಕ್ಕೊಂದು ಮ-ಒತ್ತು ಕೊಡೋಕೆ ಕಷ್ಟವಾ? 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು ಸುಮಾರು 4.37 ಕೋಟಿ. ಹೀಬ್ರೂ ಆಡೋರು ಅದರ ಕಾಲು ಭಾಗದ ಆಸುಪಾಸು. ಅವರು ಕೇಳಿದರು, ಸಿಕ್ಕಿತು. ನಾವು ಇಂಗ್ಲೀಷಲ್ಲಿ ಸೇವ್ ಮಾಡ್ಕೊಂಡೆವು.

ಸರಕಾರದ್ದೂ ಅಷ್ಟೇ ಕಥೆ. ಮೊಬೈಲ್ ಫೋನುಗಳಿಗೆ ಐಎಸ್ 16333ರ ಮೂರನೇ ಭಾಗ ಅಂತ 2016ರಲ್ಲಿ ಮಾನಕ ಮಾಡಿ, ಎಲ್ಲ 22 ಅಧಿಕೃತ ಭಾಷೆಗಳ ಬರಹ ಓದೋಕೆ ಬರಬೇಕು ಅಂತ ಕಡ್ಡಾಯ ಮಾಡಿದರು. ಒಳ್ಳೇ ಕೆಲಸ. ಆದರೆ ಅದು ಕೈಯಲ್ಲಿರೋ ಪರದೆಗೆ ಮಾತ್ರ. ಡ್ಯಾಶ್‌ಬೋರ್ಡಿನ ಪರದೆ ಮೊಬೈಲ್ ಅಲ್ಲವಲ್ಲ!

ಈಗ ಕೆಲಸದ ವಿಷಯ, ಕೊಳ್ಳೋದಾದರೆ ಏನು ಕೊಳ್ಳಬೇಕು ಅನ್ನೋದು.

ಬ್ಲೂಟೂತಿನಲ್ಲಿ ಫೋನು ಹೆಸರನ್ನ ಬರಿಯ ಅಕ್ಷರ ಸಂಕೇತಗಳಾಗಿ ಕಳಿಸುತ್ತೆ, ಅದನ್ನ ಚಿತ್ರವಾಗಿ ಬಿಡಿಸೋ ಕೆಲಸ ಸೆಟ್ಟಿನದು. ಅದಕ್ಕೆ ಕನ್ನಡ ಬರದಿದ್ದರೆ ಡಬ್ಬಿ. ಆಂಡ್ರಾಯ್ಡ್ ಆಟೋ ಮತ್ತು ಆಪಲ್ ಕಾರ್‌ಪ್ಲೇ ಹಾಗಲ್ಲ. ಕಾರ್‌ಪ್ಲೇ 2014ರಲ್ಲಿ, ಆಂಡ್ರಾಯ್ಡ್ ಆಟೋ 2015ರಲ್ಲಿ ಹೊರಬಿದ್ದವು. ಇವುಗಳಲ್ಲಿ ಇಡೀ ಪರದೆಯನ್ನ ಫೋನೇ ಬಿಡಿಸಿ, ವಿಡಿಯೋ ಥರ ಸೆಟ್ಟಿಗೆ ಕಳಿಸುತ್ತೆ. ಸೆಟ್ಟು ಆ ಹೊತ್ತಿಗೆ ಬರೀ ಟೀವಿ. ಫೋನಿನ ಫಾಂಟು, ಫೋನಿನ ಒತ್ತಕ್ಷರ. ಹಾಗಾಗಿ ಸೆಟ್ಟಿಗೆ ಒಂದು ಅಕ್ಷರ ಕನ್ನಡ ಬರದಿದ್ದರೂ 'ಅಮ್ಮ' ಅಮ್ಮನಾಗೇ ಕಾಣ್ತಾಳೆ. ಮ್ಯಾಪಿನಲ್ಲಿ ಊರಿನ ಹೆಸರೂ ಅಷ್ಟೇ, ಗೂಗಲ್ ಮ್ಯಾಪಿನಲ್ಲಿ ಕನ್ನಡ ಆರಿಸಿಕೊಂಡಿದ್ದರೆ.

ಆದ್ದರಿಂದ ನನ್ನ ಮಟ್ಟಿಗೆ, ಕನ್ನಡ ಬಳಸೋ ಮನುಷ್ಯ ದೊಡ್ಡ ಪರದೆಯ ಸೆಟ್ಟು ಕೊಳ್ಳೋದಾದರೆ ಇವೆರಡರಲ್ಲಿ ತನ್ನ ಫೋನಿಗೆ ಹೊಂದೋದು ಇರಲೇಬೇಕು. ತಂತಿಯಲ್ಲಿ ಇದ್ದರೂ ಸಾಕು. ವೈರ್‌ಲೆಸ್ ಬೇಕೇ ಬೇಕು ಅನ್ನೋದು ಶೋಕಿ, ಫೋನೂ ಬಿಸಿಯಾಗುತ್ತೆ, ಬ್ಯಾಟರಿನೂ ತಿನ್ನುತ್ತೆ. ಒಂದು ಎಚ್ಚರಿಕೆ: ಡಬ್ಬದ ಮೇಲೆ "ಸ್ಕ್ರೀನ್ ಮಿರರಿಂಗ್", "ಫೋನ್ ಲಿಂಕ್" ಅಂತೆಲ್ಲಾ ಬರೆದಿದ್ದರೆ ಅದು ಆಂಡ್ರಾಯ್ಡ್ ಆಟೋ ಅಲ್ಲ. ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂತಾರೆ. ಒಂದೇ ಅಲ್ಲ. ನಿಮ್ಮ ಫೋನು, ನಿಮ್ಮದೇ ಕೇಬಲ್ಲು ತಗೊಂಡು ಹೋಗಿ ಸಿಕ್ಕಿಸಿ ನೋಡಿ. ಬರೀ ಚಾರ್ಜ್ ಮಾಡೋ ಕೇಬಲ್ಲುಗಳಲ್ಲಿ ಇದು ಏಳೋದೇ ಇಲ್ಲ.

ಉಳಿದದ್ದು ಬೇಗ ಮುಗಿಸ್ತೀನಿ. ನಿಮ್ಮ ಕಾರಿನ ಕಿಂಡಿ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಇದ್ದರೆ ಸಿಂಗಲ್ ಡಿನ್, ಎತ್ತರ 100 ಇದ್ದರೆ ಡಬಲ್. "50 ವ್ಯಾಟ್ x 4" ಅನ್ನೋದು ಕ್ಷಣಮಾತ್ರದ ಲೆಕ್ಕ, ಆರ್‌ಎಂಎಸ್ ಎಷ್ಟು ಅಂತ ಕೇಳಿ, ಅರ್ಧಕ್ಕಿಂತ ಕೆಳಗೆ ಬರುತ್ತೆ. ತಂತಿ ಕತ್ತರಿಸಿ ಟೇಪು ಸುತ್ತೋಕೆ ಬಿಡಬೇಡಿ, ನಿಮ್ಮ ಕಾರಿಗೆ ಹೊಂದೋ ಕಪ್ಲರ್ ಕೇಳಿ ಹಾಕಿಸಿ.

ಪೆನ್ ಡ್ರೈವಿನಲ್ಲಿ ಹಾಡು ಕೇಳೋರು ಎಂಪಿ3ಯ ಟ್ಯಾಗುಗಳನ್ನ ಐಡಿ3 ಆವೃತ್ತಿ 2.3, ಯುಟಿಎಫ್-16ರಲ್ಲಿ ಉಳಿಸಿ. ಎಂಪಿ3ಟ್ಯಾಗ್ ಅನ್ನೋ ತಂತ್ರಾಂಶದಲ್ಲಿ ಅದು ಎರಡು ನಿಮಿಷದ ಕೆಲಸ. 2.4 ಅರ್ಥವಾಗದ ಸೆಟ್ಟುಗಳು ಇವೆ. ಇನ್ನು ಒಂದನೇ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ ಇರೋದೇ 30 ಬೈಟು, ನಮ್ಮ ಲೆಕ್ಕದಲ್ಲಿ ಹತ್ತು ಸಂಕೇತ, ಅದೂ ಯೂನಿಕೋಡ್ ಹುಟ್ಟೋ ಮುಂಚಿನ ಮನಸ್ಥಿತಿಯದ್ದು. ಇದರಿಂದ ಕಸ ಬರೋದು ನಿಲ್ಲುತ್ತೆ. ಫಾಂಟೇ ಇಲ್ಲದ ಸೆಟ್ಟಿಗೆ ಮಾತ್ರ ಯಾವ ಔಷಧಿಯೂ ಇಲ್ಲ.

"ಸರಿ ಹಾಗಾದ್ರೆ, ಕಾರ್‌ಪ್ಲೇ ಇರೋದು ತಗೊಂಡ್ರೆ ಮುಗೀತಲ್ಲ, ಯಾಕೆ ಇಷ್ಟು ಕೂಗಾಟ?" ಅನ್ನಬಹುದು. ಮುಗಿಯೋಲ್ಲ. ಹಳೇ ಕಾರಿನವರು, ದಿನಕ್ಕೆ ಹನ್ನೆರಡು ಗಂಟೆ ಗಾಡಿಯಲ್ಲೇ ಕೂರೋ ಟ್ಯಾಕ್ಸಿಯವರು ಕಡಿಮೆ ಬೆಲೆಯ ಬ್ಲೂಟೂತ್ ಸೆಟ್ಟನ್ನೇ ಹಾಕಿಸೋದು. ಕನ್ನಡ ಬಿಟ್ಟು ಬೇರೆ ಅಕ್ಷರ ಸಲೀಸಾಗಿ ಓದಲಾರದವರು ಹೆಚ್ಚಿರೋದೂ ಅಲ್ಲೇ. ಕಡ್ಡಿ ಕಡ್ಡಿ ಜೋಡಿಸಿ ಅಂಕಿ ತೋರಿಸೋ ಒಂದು ಸಾಲಿನ ಹಳೇ ಡಿಸ್‌ಪ್ಲೇ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅದರ ಹುಟ್ಟೇ ಅಷ್ಟು. ಏಳು ಇಂಚಿನ ಬಣ್ಣದ ಪರದೆ ಇಟ್ಟುಕೊಂಡು, ಅದರಲ್ಲಿ ನೀಲಿ, ನೇರಳೆ ಅಲೆಗಳನ್ನ ಕುಣಿಸೋಕೆ ಬರುತ್ತೆ, 'ಅಮ್ಮ' ಅಂತ ಬರೆಯೋಕೆ ಬರೋಲ್ಲ ಅನ್ನೋದರ ಮೇಲೆ ಸಿಟ್ಟು.

"ಗಾಡಿ ಓಡಿಸೋವಾಗ ಪರದೆ ನೋಡಲೇಬಾರದು" ಅನ್ನೋರೂ ಇದ್ದಾರೆ. ಒಪ್ಪಿದೆ. ಆದರೆ ಓದೋಕೆ ಬರೋ ಹೆಸರನ್ನ ಅರೆಕ್ಷಣ ನೋಡಿ ಕಣ್ಣು ರಸ್ತೆಗೆ ಬರುತ್ತೆ. ಡಬ್ಬಿ ಎಣಿಸೋಕೆ ಕೂತರೆ ಮುಂದಿನ ಲಾರಿಯೇ ಉತ್ತರ ಹೇಳಬೇಕಾಗುತ್ತೆ.

ಬ್ಲಾಗಿಗರೇ, ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಕಾರಿನ ಸೆಟ್ಟಿನಲ್ಲಿ ಮೂರು ಹೆಸರು ಹಾಕಿ ನೋಡಿ: ಅಮ್ಮ, ಸೂರ್ಯ, ಲಕ್ಷ್ಮೀ. ಮೊದಲನೆಯದು ಒತ್ತಿಗೆ, ಎರಡನೆಯದು ಅರ್ಕಾವತ್ತಿಗೆ, ಮೂರನೆಯದು ಎರಡೆರಡು ಒತ್ತು ಒಟ್ಟಿಗೆ ಬಂದಾಗ ಏನಾಗುತ್ತೆ ಅನ್ನೋದಕ್ಕೆ. ಗಾಡಿ ನಿಲ್ಲಿಸಿ, ಪರದೆಯ ಫೋಟೋ ತೆಗೆದು, ಸೆಟ್ಟಿನ ಮಾಡೆಲ್ ನಂಬರು ಬರೆದು ನಿಮ್ಮ ನಿಮ್ಮ ಬ್ಲಾಗಿನಲ್ಲಿ ಹಾಕಿ. ಚೆನ್ನಾಗಿ ಕಂಡರೆ ಅದನ್ನೂ ಹಾಕಿ, ಕೊಳ್ಳೋರಿಗೆ ಅದೇ ಹೆಚ್ಚು ಉಪಯೋಗ. ಅದೇ ಫೋಟೋನ ಕಂಪನಿಯ ಗ್ರಾಹಕ ಸೇವೆಗೂ ಒಂದು ಮೈಲ್ ಹಾಕಿ. ಅಪ್‌ಡೇಟಿನಲ್ಲಿ ಫಾಂಟು ಕೊಡ್ತೀರಾ ಅಂತ ಒಂದೇ ಸಾಲು ಸಾಕು. ಕನ್ನಡದಲ್ಲೇ ಬರೀರಿ, ಅವರ ಕಂಪ್ಯೂಟರಿನಲ್ಲಿ ಹೇಗೂ ಕಾಣುತ್ತೆ :-)