ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಉತ್ತರ ಕೊಡೋಣ

ಕೋಥರೂಡಿನ ಕನ್ನಡ ಬಂಧುಗಳೇ,

ಕರ್ವೆ ರಸ್ತೆಯ ಬಸ್‌ಸ್ಟಾಪಿನಲ್ಲಿ, ವನಾಜ್ ಮೆಟ್ರೊ ನಿಲ್ದಾಣದಲ್ಲಿ, ಡಹಾಣೂಕರ ಕಾಲನಿಯ ಕಾಯಿಪಲ್ಲೆ ಗಾಡಿಯ ಎದುರಿಗೆ ಗುರುತಿಲ್ಲದವರೊಬ್ಬರು “ಕನ್ನಡದವರೇನ್ರೀ?” ಎಂದು ಕೇಳಿದರೆ, ದಯವಿಟ್ಟು ಅವರಿಗೆ ಕನ್ನಡದಲ್ಲೇ ಉತ್ತರ ಕೊಡಿ. ಎಷ್ಟು ಬರುತ್ತದೋ ಅಷ್ಟರಲ್ಲೇ ಕೊಡಿ. ತಡವರಿಸಿದರೂ ಕೊಡಿ. ನನ್ನ ಮನವಿ ಇದೊಂದೇ. ಇಷ್ಟಕ್ಕಾಗಿ ಒಂದು ಪತ್ರ ಬರೆಯಬೇಕಾಗಿದೆ, ಏಕೆಂದರೆ ಹಾಗೆ ಕೇಳುವ ಧೈರ್ಯ ನಮ್ಮಲ್ಲಿ ಕುಗ್ಗುತ್ತಿದೆ. ಯಾರಾದರೂ ಧೈರ್ಯ ಮಾಡಿ ಕೇಳಿದರೂ ಹಿಂದಿಯಲ್ಲೋ ಮರಾಠಿಯಲ್ಲೋ ಎರಡು ಮಾತು ಆಡಿ ಮುಂದೆ ನಡೆಯುವುದು ನಮಗೆ ರೂಢಿಯಾಗಿಬಿಟ್ಟಿದೆ.

ಪುಣೆಗೆ ನಾವು ನಿನ್ನೆ ಮೊನ್ನೆ ಬಂದವರಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಸೀಮೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಆ ಕಾಲದಲ್ಲಿ ಅಲ್ಲಿಯ ಹುಡುಗರು ಕಾಲೇಜು ಓದಲು ಪುಣೆಯ ಗಾಡಿ ಹತ್ತುತ್ತಿದ್ದರು. ಕರ್ನಾಟಕ ಏಕೀಕರಣಕ್ಕೆ ಬಾಳನ್ನೇ ಕೊಟ್ಟ ಆಲೂರ ವೆಂಕಟರಾಯರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಬೇಂದ್ರೆಯವರೂ ಅಲ್ಲಿಯೇ ಓದಿದರು. ವಿ.ಕೃ. ಗೋಕಾಕರು ಅಲ್ಲಿ ಪಾಠ ಹೇಳಿದರು. ಆಮೇಲೆ ಕರಾವಳಿಯವರು ಬಂದು ಹೋಟೆಲು ತೆರೆದರು. ಬರ ಬಿದ್ದ ವರ್ಷಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಹಳ್ಳಿಗಳಿಂದ ಗೌಂಡಿಗಳು, ಬಿಗಾರಿಗಳು ಸಂಸಾರ ಕಟ್ಟಿಕೊಂಡು ಬಂದರು. ಈಚೆಗೆ ಹಿಂಜವಡಿಯ ಕಂಪನಿಗಳಿಗೆ ಬೆಂಗಳೂರು, ಮೈಸೂರಿನ ಎಂಜಿನಿಯರುಗಳು ಬಂದಿದ್ದಾರೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದವರಿಗೆ ಕನ್ನಡ ನೆಲದ ಜೊತೆಗೇ ಬಂದದ್ದು. ಪುಣೆಯ ನಮಗೆ ಅದು ಹೊತ್ತು ತಂದ ನುಡಿ. ಹೊತ್ತು ತಂದದ್ದನ್ನು ಯಾರಾದರೂ ಕೈ ನೀಡಿ ಇಳಿಸಿಕೊಂಡರೆ ಮಾತ್ರ ಅದು ಇಲ್ಲಿ ನೆಲೆ ನಿಲ್ಲುತ್ತದೆ.

ಸಂಸ್ಥೆಗಳ ಮಟ್ಟಿಗೆ ನಮಗೆ ಬಡತನವಿಲ್ಲ. ಪಕ್ಕದ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘ ನಡೆಸುವ ಶಾಲೆ, ಕಾಲೇಜುಗಳಿವೆ. ಸೇನಾಪತಿ ಬಾಪಟ ರಸ್ತೆಯಲ್ಲಿ 1967ರಲ್ಲಿ ಶುರುವಾದ ಬಾಲಭಾರತಿ ಇದೆ. ಮಹಾರಾಷ್ಟ್ರದ ಕನ್ನಡ ಶಾಲೆಗಳ ಮಕ್ಕಳು ಓದುವ ಪಠ್ಯಪುಸ್ತಕಗಳನ್ನು ಹೊರತರುವುದು ಅದೇ. ನಾಟಕ, ಯಕ್ಷಗಾನ, ರಾಜ್ಯೋತ್ಸವ ಯಾವುದಕ್ಕೂ ಕೊರತೆಯಿಲ್ಲ. ಆದರೆ ಸಭಾಂಗಣದ ಬಾಗಿಲು ದಾಟಿ ರಸ್ತೆಗೆ ಬಂದ ಕೂಡಲೇ ನಮ್ಮ ಕನ್ನಡ ನಿಂತುಹೋಗುತ್ತದೆ. ಕಾರ್ಯಕ್ರಮಕ್ಕೆ ಬರುವವರು ಹೇಗೂ ಒಬ್ಬರಿಗೊಬ್ಬರು ಗೊತ್ತಿದ್ದವರು. ಎಂದೂ ಬಾರದವರಿಗೆ ಕನ್ನಡ ಸಿಗಬೇಕಾದದ್ದು ರಸ್ತೆಯಲ್ಲೇ, ಅಪರಿಚಿತರ ಬಾಯಿಂದಲೇ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಾವು ಕನ್ನಡದಲ್ಲಿ ಮಾತಾಡಿಸುವಾಗ ಮೊದಲು ಎದುರಿನವರ ಬಟ್ಟೆ ನೋಡುತ್ತೇವೆ. ಲಿಫ್ಟಿನಲ್ಲಿ ಲ್ಯಾಪ್‌ಟಾಪ್ ಚೀಲ ಹೊತ್ತವರು ಫೋನಿನಲ್ಲಿ ಕನ್ನಡ ಮಾತಾಡಿದರೆ ಸಂತೋಷದಿಂದ “ನೀವು ಬೆಂಗಳೂರಿನವರಾ?” ಎನ್ನುತ್ತೇವೆ. ಅದೇ ಸೊಸೈಟಿಯ ವಾಚ್‌ಮನ್ ಹೆಂಡತಿಯೊಡನೆ ಕಲಬುರಗಿ ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದರೂ ಅವರೊಂದಿಗೆ ಹಿಂದಿಯಲ್ಲೇ ವ್ಯವಹರಿಸುತ್ತೇವೆ. ಮನೆಗೆಲಸಕ್ಕೆ ಬರುವ ತಾಯಿ “ಅಕ್ಕಾರ, ನಿಮ್ದು ಯಾವೂರ್ರೀ?” ಎಂದು ಕೇಳಿದರೆ ಊರಿನ ಹೆಸರಷ್ಟೇ ಹೇಳಿ, ಮುಂದಿನ ಮಾತಿಗೆ ಮರಾಠಿಗೆ ಹೊರಳುತ್ತೇವೆ. ಆ ತಾಯಿಗೆ ಅದು ತಿಳಿಯದೆ ಹೋಗುವುದಿಲ್ಲ. ತನ್ನ ಕನ್ನಡ ಈ ಮನೆಯೊಳಗೆ ಬೇಡವಾಯಿತು ಎಂದು ಅವಳಿಗೆ ಕೂಡಲೇ ಅರ್ಥವಾಗುತ್ತದೆ. ಮರುದಿನದಿಂದ ಅವಳು ಕೇಳುವುದಿಲ್ಲ. ತನ್ನ ಮಗಳಿಗೂ ಕೇಳಬೇಡವೆಂದೇ ಕಲಿಸುತ್ತಾಳೆ.

ನಮ್ಮ ಕನ್ನಡ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಇಂಥವರಿಗೆ. ಹೆರಿಗೆಗೆ ಬಂದ ಯಾದಗಿರಿಯ ಹುಡುಗಿಗೆ ದವಾಖಾನೆಯ ಕೇಸ್‌ಪೇಪರಿನ ಸಾಲು ಯಾವುದೆಂದು ತಿಳಿಯದು. ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಗಂಡ ಸೈಟಿನಲ್ಲಿರುತ್ತಾನೆ, ಅತ್ತೆಗೆ ಹಿಂದಿ ಬರದು. ಆ ಸಾಲಿನಲ್ಲಿ ನಿಂತ ನೀವು “ಏನಾಗೇತವ್ವಾ, ಎಲ್ಲಿ ನೋವು?” ಎಂದು ಕೇಳಿದರೆ ಅವಳ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಬ್ಯಾಂಕಿನ ಚೀಟಿ, ಮಗುವಿನ ಶಾಲೆಯ ಅರ್ಜಿ, ಕೂಲಿ ಕೊಡದೆ ಸತಾಯಿಸುವ ಠೇಕೇದಾರನ ಲೆಕ್ಕ ಇವೆಲ್ಲ ನಮಗೆ ಐದು ನಿಮಿಷದ ಕೆಲಸ. ಭಾಷೆ ತಿಳಿಯದ ಊರಿನಲ್ಲಿ ಅವರಿಗೆ ಅದಕ್ಕೆ ಒಂದು ದಿನದ ಕೂಲಿಯೇ ಹೋಗುತ್ತದೆ. ಬೆಳಿಗ್ಗೆ ಮಜೂರ ಅಡ್ಡಾದಲ್ಲಿ ಬುತ್ತಿ ಹಿಡಿದು ನಿಂತವರ ಪಕ್ಕದಲ್ಲಿ ಹಾದುಹೋಗುವಾಗ ಕಿವಿಗೊಟ್ಟು ನೋಡಿ, ಕನ್ನಡ ಕೇಳಿಸುತ್ತದೆ. ಒಮ್ಮೆ ಮಾತಾಡಿಸಿ.

ಮಾತಾಡಿಸುವಾಗ ಅವರ ಕನ್ನಡವನ್ನು ತಿದ್ದಬೇಡಿ. ಕಲಬುರಗಿಯ ಮಾತಿನಲ್ಲಿ ಉರ್ದು ಬೆರೆತಿರುತ್ತದೆ, ಸೊಲ್ಲಾಪುರದ ಮಾತಿನಲ್ಲಿ ಮರಾಠಿ, ಬೆಂಗಳೂರಿನ ಮಾತಿನಲ್ಲಿ ಇಂಗ್ಲಿಷು. ಮಂಗಳೂರಿನವರು ಬಾಯಲ್ಲೂ ಗ್ರಂಥದ ಕನ್ನಡವನ್ನೇ ಆಡುತ್ತಾರೆ. ಪುಣೆಯಲ್ಲಿ ಇವೆಲ್ಲ ಒಂದೇ ಓಣಿಯಲ್ಲಿ ಸೇರಿರುವುದು ನಮ್ಮ ಭಾಗ್ಯ. ಯಾರದು ಶುದ್ಧ ಎಂಬ ಪರೀಕ್ಷೆ ಶುರುವಾದರೆ ಬಡವರು ಮೊದಲು ಬಾಯಿ ಮುಚ್ಚಿಕೊಳ್ಳುತ್ತಾರೆ. ಇನ್ನೊಂದು ಎಚ್ಚರವೂ ಬೇಕು. “ಯಾವೂರು?” ಎಂದು ಕೇಳುವುದು ಪ್ರೀತಿ. ಅದರ ಬೆನ್ನಿಗೇ “ಯಾರ ಪೈಕಿ?” ಎಂದು ಜಾತಿ ಕೆದಕುವ ಚಾಳಿಯನ್ನು ದಯವಿಟ್ಟು ಬಿಟ್ಟುಬಿಡೋಣ. ಆ ಎರಡನೆಯ ಪ್ರಶ್ನೆಗೆ ಹೆದರಿ ಮೊದಲನೆಯ ಪ್ರಶ್ನೆಗೇ ಉತ್ತರ ಕೊಡದವರು ನಮ್ಮಲ್ಲಿ ಅನೇಕರಿದ್ದಾರೆ.

ಈಗ ನಮ್ಮ ಎಳೆಯರ ಮಾತು. ಕೋಥರೂಡಿನ ಸೊಸೈಟಿಗಳ ಫಲಕಗಳಲ್ಲಿ ಬೆಳಗಾವಕರ, ವಿಜಾಪುರಕರ, ಧಾರವಾಡಕರ ಎಂಬ ಹೆಸರುಗಳು ಕಾಣುತ್ತವೆ. ಕೆಲವು ಮನೆಗಳಲ್ಲಿ ಕನ್ನಡ ಇನ್ನೂ ಇದೆ, ಕೆಲವು ಮನೆಗಳಲ್ಲಿ ಅಜ್ಜಿಯ ಜೊತೆಗೇ ಹೋಯಿತು. ಕುಲಕರ್ಣಿ, ಜೋಶಿ, ಪಾಟೀಲರಂಥ ಹೆಸರು ಕನ್ನಡಿಗರಲ್ಲೂ ಮರಾಠಿಗರಲ್ಲೂ ಇರುವುದರಿಂದ ಹೆಸರು ನೋಡಿ ಭಾಷೆ ಹೇಳಲು ಆಗದು. ಇಂಥ ಮನೆಯ ಹುಡುಗರಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನೀವು ಕನ್ನಡದಲ್ಲಿ ಕೇಳಿದರೆ ಅವರು ಮರಾಠಿಯಲ್ಲಿ ಉತ್ತರಿಸುತ್ತಾರೆ. ಆಗ “ಅಯ್ಯೋ, ಮಾತೃಭಾಷೆ ಬರೂದಿಲ್ಲೇನು?” ಎಂದು ನಾಲ್ಕು ಜನರೆದುರು ನಾಚಿಸಬೇಡಿ. ಅವರು ಮರಾಠಿಯಲ್ಲೇ ಹೇಳಲಿ, ನೀವು ಕನ್ನಡದಲ್ಲೇ ಮುಂದುವರಿಸಿ, ನಿಧಾನವಾಗಿ, ಸಣ್ಣ ಮಾತುಗಳಲ್ಲಿ. ಹೊರಗಿನವರೊಬ್ಬರು ತನ್ನನ್ನು ಕನ್ನಡದವನೆಂದು ಎಣಿಸಿದರಲ್ಲ ಎಂಬ ಹಿಗ್ಗು ಆ ಹುಡುಗನ ಮನಸ್ಸಿನಲ್ಲಿ ಉಳಿಯುತ್ತದೆ. ಮನೆಯಲ್ಲಿ ತಾಯಿತಂದೆ ನೂರು ಸಲ ಹೇಳಿದರೂ ಬಾರದ ಧೈರ್ಯ ಹೊರಗಿನವರ ಒಂದು ಮಾತಿನಿಂದ ಬರಬಹುದು. ಯಾರಾದರೂ ನಿಜವಾಗಿಯೂ ಮಾತು ಬೇಡವೆಂದರೆ ನಮಸ್ಕಾರ ಹೇಳಿ ಬಿಟ್ಟುಬಿಡಿ. ಬಲವಂತದಿಂದ ಪ್ರೀತಿ ಹುಟ್ಟುವುದಿಲ್ಲ.

ಹೀಗೆ ಬೀದಿಯಲ್ಲಿ ಕನ್ನಡ ಆಡಿದರೆ ಮರಾಠಿ ನೆರೆಹೊರೆಯವರು ಏನೆಂದುಕೊಂಡಾರು ಎಂಬ ಅಳುಕು ಹಲವರಿಗಿದೆ. ಅಳುಕಿಗೆ ಕಾರಣವೂ ಇದೆ. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಸ್ಸಿನಲ್ಲಿ ಭಾಷೆಯ ಜಗಳವಾಗಿ ಕಂಡಕ್ಟರರ ಮೇಲೆ ಹಲ್ಲೆ ನಡೆಯಿತು. ಎರಡೂ ರಾಜ್ಯಗಳ ಬಸ್ಸುಗಳಿಗೆ ಮಸಿ ಬಳಿದರು, ಸಂಚಾರವೇ ನಿಂತಿತು. ಅಂಥ ದಿನಗಳಲ್ಲಿ ಫೋನಿನಲ್ಲಿ ಊರಿನ ತಾಯಿಯ ಜೊತೆ ಮಾತಾಡುವವರೂ ದನಿ ತಗ್ಗಿಸುತ್ತಾರೆ. ನಾನು ಹೇಳುವುದಿಷ್ಟು: ಇಬ್ಬರು ಕನ್ನಡಿಗರು ತಮ್ಮ ಸುಖದುಃಖ ಹಂಚಿಕೊಂಡರೆ ಮರಾಠಿಗೆ ಯಾವ ಕುಂದೂ ಇಲ್ಲ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆ ಕನ್ನಡದ ವರಕವಿಯಾದರು, ಮರಾಠಿಯಲ್ಲೂ ಬರೆದರು. ಗದುಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿನಲ್ಲಿ 1953ರಿಂದ ನಡೆದುಬಂದ ಸಂಗೀತೋತ್ಸವವನ್ನು ಬೆಳೆಸಿದರು. ಅವರು ಸಂತವಾಣಿಯನ್ನೂ ಹಾಡಿದರು, ದಾಸವಾಣಿಯನ್ನೂ ಹಾಡಿದರು. ಅವರನ್ನು ಎರಡೂ ನಾಡುಗಳು ತಮ್ಮವರೆಂದವು. ನಾವೂ ಮರಾಠಿಯನ್ನು ಚೆನ್ನಾಗಿ ಕಲಿಯೋಣ, ಗೌರವದಿಂದ ಆಡೋಣ. ಮರಾಠಿ ಗೆಳೆಯರು ಜೊತೆಗಿದ್ದರೆ ನಮ್ಮ ಮಾತಿನ ಅರ್ಥ ಅವರಿಗೂ ಹೇಳೋಣ. ಧಾರವಾಡಕ್ಕೋ ಬೆಳಗಾವಿಗೋ ಹೋದಾಗ ಅಲ್ಲಿಯ ಮರಾಠಿ ಹಿರಿಯರು ಮರಾಠಿಯಲ್ಲಿ ದಾರಿ ಕೇಳಿದರೆ, ನಮಗೆ ಬರುವ ಮರಾಠಿಯಲ್ಲೇ ದಾರಿ ತೋರಿಸೋಣ. ಇಲ್ಲಿ ನಾವು ಬೇಡುವುದನ್ನು ಅಲ್ಲಿ ಕೊಡಲೇಬೇಕು.

ಗುರುತಿಲ್ಲದವರೊಡನೆ ನಮ್ಮ ಭಾಷೆ ಆಡುವುದು ಆಗದ ಮಾತು ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ ಬಾಸ್ಕ್ ಎಂಬ ಸಣ್ಣ ಭಾಷೆಯ ಜನರಿದ್ದಾರೆ. ಭಾಷೆ ತಿಳಿದವರೂ ಅಪರಿಚಿತರೊಡನೆ ಅದನ್ನು ಆಡಲು ಹಿಂಜರಿಯುತ್ತಿದ್ದರು. 2018ರಲ್ಲಿ ಅವರು 11 ದಿನಗಳ ಒಂದು ಅಭಿಯಾನ ನಡೆಸಿದರು. ಭಾಷೆ ಬಲ್ಲವರೊಡನೆಲ್ಲ ಬಾಸ್ಕ್ ಆಡುತ್ತೇನೆ ಎಂದವರು ಒಂದು ಬಿಲ್ಲೆ ಧರಿಸಿದರು. ನನಗೆ ತಿಳಿಯುತ್ತದೆ, ನೀವು ಬಾಸ್ಕ್‌ನಲ್ಲೇ ಮಾತಾಡಿ ಎಂದವರು ಇನ್ನೊಂದು ಬಗೆಯ ಬಿಲ್ಲೆ ಧರಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ವೆಲ್ಷ್ ಬಲ್ಲ ನೌಕರರು ಕಿತ್ತಳೆ ಬಣ್ಣದ ಬಿಲ್ಲೆ ಹಾಕಿಕೊಂಡು ಕೌಂಟರಿನಲ್ಲಿ ಕೂರುತ್ತಾರೆ. ಎದುರಿನವರಿಗೆ ತಿಳಿಯುತ್ತದೆಯೋ ಇಲ್ಲವೋ ಎಂಬ ಸಂಕೋಚ ಅದರಿಂದಲೇ ಅರ್ಧ ಕಳೆಯುತ್ತದೆ.

ನಮ್ಮಿಂದಲೂ ಇದು ಆದೀತು. ಕೋಥರೂಡಿನಲ್ಲಿ ದವಾಖಾನೆ, ಔಷಧಿ ಅಂಗಡಿ, ಹೋಟೆಲು, ಕಿರಾಣಿ ಅಂಗಡಿ ನಡೆಸುವ ಕನ್ನಡಿಗರಲ್ಲಿ ನನ್ನ ಪ್ರಾರ್ಥನೆ: ಹೊರಗಿನ ಫಲಕದಲ್ಲಿ ಕಾನೂನಿನಂತೆ ಮರಾಠಿ ದೊಡ್ಡದಾಗಿಯೇ ಇರಲಿ. ಒಳಗೆ ಗಲ್ಲೆಯ ಪಕ್ಕದಲ್ಲಿ “ಇಲ್ಲಿ ಕನ್ನಡ ಮಾತಾಡುತ್ತೇವೆ” ಎಂಬ ಚೀಟಿಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿ. ಓದು ಬಾರದವರಿಗಾಗಿ ಬಾಯಿಬಿಟ್ಟೂ ಹೇಳಿ. ವೈದ್ಯರು, ದಾದಿಯರು, ಬ್ಯಾಂಕಿನವರು, ಶಿಕ್ಷಕರು ತಮಗೆ ಕನ್ನಡ ಬರುತ್ತದೆಂಬುದನ್ನು ಮುಚ್ಚಿಡದಿರಲಿ. ಕನ್ನಡದ ಸಂಘ ಸಂಸ್ಥೆಗಳು ಈ ಸಲದ ರಾಜ್ಯೋತ್ಸವದಲ್ಲಿ ಒಂದು ಸರದಿ ಪಟ್ಟಿ ಮಾಡಲಿ. ವಾರಕ್ಕೊಂದು ಬೆಳಿಗ್ಗೆ ಇಬ್ಬಿಬ್ಬರು ಪಾಲಿಕೆಯ ದವಾಖಾನೆಗೆ ಹೋಗಿ, ಅಲ್ಲಿಯವರ ಒಪ್ಪಿಗೆ ಪಡೆದು, ಕನ್ನಡದ ರೋಗಿಗಳಿಗೆ ನೆರವಾಗಲಿ.

ಉಳಿದ ನಾವೆಲ್ಲರೂ ಈ ನವೆಂಬರ್ 1ರವರೆಗೆ ಕಾಯುವ ಅಗತ್ಯವಿಲ್ಲ. ನಿಮ್ಮ ಸೊಸೈಟಿಯಲ್ಲಿ ಕನ್ನಡ ಬಲ್ಲ ವಾಚ್‌ಮನ್, ಮನೆಗೆಲಸದವರು, ಗೌಂಡಿಗಳು ಯಾರಿದ್ದಾರೆಂದು ಈ ವಾರವೇ ತಿಳಿದುಕೊಳ್ಳಿ. ಅವರು ಕೇಳಲಿ ಎಂದು ಕಾಯದೆ ನೀವೇ ಮೊದಲು “ನಮಸ್ಕಾರ್ರೀ, ಆರಾಮ ಅದೀರೇನ್ರೀ?” ಎಂದು ಮಾತಾಡಿಸಿ. ಅನುಕೂಲದಲ್ಲಿರುವವರು ಮೊದಲು ಬಾಯಿ ಬಿಟ್ಟರೆ ಉಳಿದವರಿಗೆ ಧೈರ್ಯ ಬರುತ್ತದೆ. ಈ ಊರಿನಲ್ಲಿ ಕನ್ನಡ ಉಳಿಸುವ ಹೊಣೆಯನ್ನು ಸಂಘಗಳ ಮೇಲೆ ಹಾಕಿ ನಾವು ಸುಮ್ಮನಿರುವುದು ನ್ಯಾಯವಲ್ಲ. ಆ ಹೊಣೆ ನಾವು ದಿನವೂ ಆಡುವ ಮೊದಲ ಮಾತಿನಲ್ಲಿ ಇದೆ. ಆ ಮಾತನ್ನು ಆಡಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.