ಸೈನಿಕರೆಂದು ಪಾಠ ಹೇಳಿದ್ದೆ

ಕಳೆದ ಮಳೆಗಾಲದಲ್ಲಿ ಮನೆಯ ಹಿಂಬದಿಯ ಮುರಕಲ್ಲಿನ ಮೆಟ್ಟಿಲಿಗೆ ಎಡವಿ ಬಲಗಾಲಿನ ಹೆಬ್ಬೆರಳಿಗೆ ಗಾಯ ಮಾಡಿಕೊಂಡೆ. ಆರು ವಾರ ಕಳೆದರೂ ಅದು ಮಾಯಲಿಲ್ಲ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ನಾನು, ಅದೂ ವಿಜ್ಞಾನದ ಮಾಸ್ತರನಾಗಿದ್ದವನು, ಅರಸಿನ ಮತ್ತು ತೆಂಗಿನೆಣ್ಣೆ ಹಚ್ಚಿಕೊಂಡು ಕುಳಿತಿದ್ದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೊನೆಗೆ ವೈದ್ಯರ ಬಳಿ ಹೋದೆ. ಅವರು ನನ್ನ ಹಳೆಯ ಶಿಷ್ಯರೇ. ಕಾಲನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: “ಸರ್, ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತು?”

ಕಾಲಿಗೂ ಕಣ್ಣಿಗೂ ಏನು ಸಂಬಂಧವೆಂದು ಯೋಚಿಸಿದಾಗ, ನಾನು ಮೂವತ್ತು ವರ್ಷ ಹೇಳಿದ ಪಾಠವೇ ಅರ್ಧ ಎಂಬುದು ಮನವರಿಕೆಯಾಯಿತು. ಬಿಳಿ ರಕ್ತಕಣಗಳು ದೇಹದ ಸೈನಿಕರು, ವೈರಿಗಳನ್ನು ಕೊಲ್ಲುವವರು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆ. ನಿಮ್ಮಲ್ಲಿ ಹಲವರಿಗೆ ಆ ಚಿತ್ರ ನೆನಪಿರಬಹುದು. ಆದರೆ ಗಾಯಕ್ಕೆ ಧಾವಿಸುವ ಮ್ಯಾಕ್ರೋಫೇಜ್ ಎಂಬ ಕಣಗಳು ಕ್ರಿಮಿಗಳನ್ನು ನುಂಗುವುದರ ಜೊತೆಗೆ ವಿಇಜಿಎಫ್, ಇಂಟರ್‌ಲ್ಯೂಕಿನ್-8 ಮೊದಲಾದ ಪ್ರೋಟೀನುಗಳನ್ನೂ ಸ್ರವಿಸುತ್ತವೆ. ಆ ಸಂದೇಶ ತಲುಪಿದಾಗ ಹತ್ತಿರದ ರಕ್ತನಾಳಗಳು ಚಿಗುರೊಡೆದು ಗಾಯದೊಳಕ್ಕೆ ಬೆಳೆಯುತ್ತವೆ. ಮಾಯುತ್ತಿರುವ ಗಾಯದ ತಳ ಕೆಂಪಗೆ ಕಾಣುವುದು ಇದರಿಂದಲೇ. ಕೆಲಸ ಮುಗಿದ ಮೇಲೆ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳೂ ಉಂಟು. 1957ರಲ್ಲಿ ವೈರಸ್ಸನ್ನು ತಡೆಯುವ ವಸ್ತುವೆಂದು ಪತ್ತೆಯಾದ ಇಂಟರ್‌ಫೆರಾನ್ ಅಂತಹುದೊಂದು. ಅದು ಹೊಸ ರಕ್ತನಾಳಗಳನ್ನೂ ತಡೆಯುತ್ತದೆಂದು ಅನಂತರ ತಿಳಿಯಿತು.

ಸಕ್ಕರೆ ಕಾಯಿಲೆಯಲ್ಲಿ ಈ ಲೆಕ್ಕ ಎರಡು ಕಡೆ ಎರಡು ಬಗೆಯಾಗಿ ತಪ್ಪುತ್ತದೆ. ಕಾಲಿನ ಗಾಯದಲ್ಲಿ ಮ್ಯಾಕ್ರೋಫೇಜುಗಳು ಉರಿಯೂತದ ಹಂತದಲ್ಲಿಯೇ ಸಿಕ್ಕಿಕೊಂಡು, ಬೇಕಾದ ನಾಳಗಳು ಬೆಳೆಯುವುದಿಲ್ಲ. ಕಣ್ಣಿನ ಅಕ್ಷಿಪಟಲದಲ್ಲಿ ಸಣ್ಣ ನಾಳಗಳು ಮುಚ್ಚಿಹೋಗಿ ಆಮ್ಲಜನಕ ಸಾಲದಾದಾಗ ವಿಇಜಿಎಫ್ ಮಿತಿಮೀರುತ್ತದೆ, ಉರಿಯೂತದ ಪ್ರೋಟೀನುಗಳೂ ಅದಕ್ಕೆ ಒತ್ತಾಸೆಯಾಗುತ್ತವೆ. ಆಗ ಬೇಡದ ನಾಳಗಳು ಬೆಳೆಯುತ್ತವೆ. ಅವು ತೀರ ದುರ್ಬಲ, ಒಡೆದು ರಕ್ತ ಸೋರಿ ದೃಷ್ಟಿಯನ್ನೇ ಕಳೆಯಬಲ್ಲವು. ನನ್ನ ಎಡಗಣ್ಣಿನಲ್ಲಿ ಅದು ಆಗಲೇ ಆರಂಭವಾಗಿತ್ತು, ನೋವಿಲ್ಲದೆ, ನನಗೆ ಗೊತ್ತೇ ಆಗದೆ.

ಈಗ ಕಣ್ಣಿಗೆ ಚುಚ್ಚುಮದ್ದು ನಡೆಯುತ್ತಿದೆ. ವಿಇಜಿಎಫ್‌ನ್ನು ಹಿಡಿದುಕಟ್ಟುವ ಆ ಮದ್ದು ಸ್ವತಃ ಒಂದು ಪ್ರತಿಕಾಯ, ಎಂದರೆ ರೋಗನಿರೋಧಕ ವ್ಯವಸ್ಥೆಯದೇ ಜಾತಿಯ ಪ್ರೋಟೀನು! ಹೊಸ ನಾಳಗಳಿಲ್ಲದೆ ಗೆಡ್ಡೆ ಕೆಲವೇ ಮಿಲಿಮೀಟರಿಗಿಂತ ದೊಡ್ಡದಾಗಲಾರದೆಂದು 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಬರೆದಾಗ ನಂಬಿದವರು ಕಡಿಮೆ. 2004ರಲ್ಲಿ ಇಂತಹ ಪ್ರತಿಕಾಯವೊಂದು ಕರುಳಿನ ಕ್ಯಾನ್ಸರಿಗೆ ಮದ್ದಾಗಿ ಒಪ್ಪಿಗೆ ಪಡೆಯಿತು.

ಆದ್ದರಿಂದಲೇ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯಗಳ ಜಾಹೀರಾತು ಕಂಡರೆ ನನಗೆ ಸಿಟ್ಟು ಬರುತ್ತದೆ. 2020ರ ಕೊರೋನಾ ಕಾಲದಲ್ಲಿ ಹಿಡಿದ ಈ ಗೀಳು ಇನ್ನೂ ಬಿಟ್ಟಿಲ್ಲ. ಯಾವುದನ್ನು ಹೆಚ್ಚಿಸುವುದು? ಕಾಲಿನಲ್ಲಿ ಸಾಲದ್ದನ್ನೋ, ಕಣ್ಣಿನಲ್ಲಿ ಮಿತಿಮೀರಿದ್ದನ್ನೋ? ನಮ್ಮ ಅಡುಗೆಮನೆಯ ಜೀರಿಗೆ-ಕೊತ್ತಂಬರಿ ಕಷಾಯವನ್ನು ನಾನೂ ಕುಡಿಯುತ್ತೇನೆ, ರುಚಿಗೆ. ಅದಕ್ಕೆ ಖರ್ಚು ಮಾಡುವಷ್ಟು ಹಣದಲ್ಲಿ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಬಹುದು. ಬೆರಳ ಸಂದಿಯನ್ನು ದಿನವೂ ನೋಡಿಕೊಳ್ಳುವುದಕ್ಕೆ ಖರ್ಚೇ ಇಲ್ಲ.

ಹೆಬ್ಬೆರಳು ಈಗ ಮಾಯ್ದಿದೆ, ಉಗುರು ಮಾತ್ರ ಸೊಟ್ಟ. ಜನವರಿಯಲ್ಲಿ ಗುರುನರಸಿಂಹ ದೇವರ ತೇರಿಗೆ ಊರಿಗೆ ಬರುವ ಶಿಷ್ಯರಲ್ಲಿ ಐವತ್ತು ದಾಟಿದವರು, ಸಕ್ಕರೆ ಇರುವವರು ನಮ್ಮ ಮನೆಗೆ ಬರುವಾಗ ಕಣ್ಣಿನ ಪರೀಕ್ಷೆಯ ಚೀಟಿಯನ್ನು ತನ್ನಿ. ಹಿಂದೆ ಮನೆಪಾಠದ ಪುಸ್ತಕ ನೋಡುತ್ತಿದ್ದಂತೆಯೇ ನೋಡುತ್ತೇನೆ.