ವಾಲ್ವ್ ಗುಂಡಿಯ ಬಳಿಯೇ ತರಬೇತಿ ನಡೆಯಲಿ

ಮಾನ್ಯ ಜಿಲ್ಲಾಧಿಕಾರಿಗಳು, ಹಾಸನ ಜಿಲ್ಲೆ, ಇವರ ಸನ್ನಿಧಿಗೆ

ವಿಷಯ: ಅರಸೀಕೆರೆ, ಬೇಲೂರು ಮತ್ತು ಹಳೇಬೀಡಿನ ನೀರು ಸರಬರಾಜು ಸಿಬ್ಬಂದಿಗೆ ಕೆಲಸದ ಜಾಗದಲ್ಲೇ ತರಬೇತಿ ಕೊಡಿಸುವ ಕುರಿತು.

ಮಾನ್ಯರೇ,

ಬೆಳಕು ಹರಿಯುವ ಮೊದಲೇ ನೀರುಗಂಟಿಗಳು ಗುಂಡಿಯ ಮುಚ್ಚಳ ಸರಿಸಿ, ಕೀಲಿ ಇಳಿಸಿ, ಸುತ್ತು ಎಣಿಸುತ್ತಾ ವಾಲ್ವ್ ತಿರುಗಿಸುತ್ತಾರೆ. ಯಾವ ಬೀದಿಗೆ ಎಷ್ಟು ಸುತ್ತು, ದಿಬ್ಬದ ಮನೆಗಳಿಗೆ ನೀರೇರಲು ಎಷ್ಟು ಹೊತ್ತು ಎಂಬ ಲೆಕ್ಕ ಹೆಚ್ಚಾಗಿ ಕಡತದಲ್ಲಿಲ್ಲ, ಅವರ ತಲೆಯಲ್ಲಿದೆ. ಅವರು ನಿವೃತ್ತರಾದ ದಿನ ಆ ಲೆಕ್ಕವೂ ಅವರೊಂದಿಗೇ ಮನೆಗೆ ಹೋಗುತ್ತದೆ.

ಈ ಮೂರು ಊರುಗಳ ಸಿಬ್ಬಂದಿ ಮತ್ತು ಬಳಕೆದಾರರಾದ ಅರ್ಜಿದಾರರು ಕೇಳುತ್ತಿರುವುದು ಸಭಾಂಗಣದ ಉಪನ್ಯಾಸವನ್ನಲ್ಲ, ವಾಲ್ವ್ ಗುಂಡಿಯ ಬಳಿಯೇ ನಡೆಯುವ ತರಬೇತಿಯನ್ನು.

ಊರೂರಿಗೂ ಸಮಸ್ಯೆ ಬೇರೆ. ಅರಸಿಯ ಕೆರೆಯಿಂದ ಹೆಸರು ಪಡೆದ ಅರಸೀಕೆರೆಯ ಸುತ್ತ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ. ಬೇಲೂರಿನ ಪಕ್ಕದಲ್ಲೇ ಯಗಚಿ ಜಲಾಶಯ. ದ್ವಾರಸಮುದ್ರ ಕೆರೆಯ ದಡದ ಹಳೇಬೀಡು, ಬೇಲೂರಿನ ಜೊತೆ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ; ಅಲ್ಲಿಗೆ ಬರುವ ಪ್ರವಾಸಿಗರಿಗೂ ನೀರು ಬೇಕು. ಒಂದೇ ಪುಸ್ತಕ ಹಿಡಿದು ಮೂರೂ ಕಡೆ ಪಾಠ ಮಾಡಿದರೆ ನಡೆಯದು.

ಕೆಲಸದ ಜಾಗದಲ್ಲೇ ಏಕೆ ಕಲಿಯಬೇಕು ಎಂಬುದಕ್ಕೆ ಬ್ಲೀಚಿಂಗ್ ಪೌಡರಿನ ಉದಾಹರಣೆಯನ್ನೇ ನೋಡಬಹುದು. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಪುಡಿಯಲ್ಲಿ ಶೇ. 33ರಷ್ಟು ಸತ್ವವಿದ್ದರೆ ಸುಮಾರು 300 ಗ್ರಾಂ ಸಾಕು, ಶೇ. 25ಕ್ಕೆ ಇಳಿದಿದ್ದರೆ 400 ಗ್ರಾಂ. ಬಾಯಿ ತೆರೆದ ಚೀಲ ಪಂಪ್‌ಹೌಸಿನ ತೇವದಲ್ಲಿ ಕೂತಷ್ಟೂ ಸತ್ವ ಇಳಿಯುತ್ತದೆ. ‘ಒಂದು ಮಗ್’ ಎಂಬ ಅಳತೆಗೆ ಇದು ತಿಳಿಯುವುದಿಲ್ಲ. ಬೀದಿಯ ಕೊನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ಅಲ್ಲೇ ನಿಂತು ಪರೀಕ್ಷಿಸಲು ಬರುವವರು ಎಷ್ಟು ಮಂದಿ?

2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣ ಜೀವಗಳನ್ನೇ ಬಲಿ ಪಡೆಯಿತು. ಅದು ದೂರದ ಊರೇನಲ್ಲ.

ಆದ್ದರಿಂದ ಮೂರೂ ಊರುಗಳ ತರಬೇತಿಯ ಹೊಣೆಯನ್ನು ಒಬ್ಬ ಎಂಜಿನಿಯರಿಗೆ ಹೆಸರು ನಮೂದಿಸಿ ವಹಿಸಬೇಕು. ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಿಂದಲೂ, ಜನ ‘ನೀರ್ ಸಾಬ್’ ಎಂದೇ ಕರೆದ ಅಬ್ದುಲ್ ನಜೀರ್ ಸಾಬರ ಹೆಸರಿನ ಸಂಸ್ಥೆಯಿಂದಲೂ ತರಬೇತುದಾರರನ್ನು ಇಲ್ಲಿಗೇ ಕರೆಸಬೇಕು. ಹಿರಿಯ ವಾಲ್ವ್‌ಮನ್‌ಗಳನ್ನು ಗೌರವಧನ ಕೊಟ್ಟು ಬೋಧಕರನ್ನಾಗಿಸಿ, ಅವರ ಬಾಯಿಲೆಕ್ಕದಿಂದ ವಾಲ್ವ್‌ಗಳ ನಕ್ಷೆ ಬರೆಸಬೇಕು. ಹೊರಗುತ್ತಿಗೆಯವರನ್ನು ಬಿಡಬಾರದು, ಕಲಿಕೆಯ ದಿನಗಳನ್ನು ಹಾಜರಿಗೆ ಸೇರಿಸಿ, ಅಷ್ಟು ದಿನ ಪಂಪಿಗೆ ಬದಲಿ ಆಳು ಕೊಡಬೇಕು. ಬದಲಿ ಆಳಿಲ್ಲದೆ ಹೊರಡಿಸುವ ಆದೇಶವೆಂದರೆ ಊರಿಗೆ ನೀರು ನಿಲ್ಲಿಸುವ ಆದೇಶವೇ.

ಬೇಲೂರಿನಲ್ಲಿ ಚೈತ್ರದ ರಥೋತ್ಸವ, ಅರಸೀಕೆರೆ ಕಡೆ ಆಷಾಢದ ಮಾಲೇಕಲ್ ತಿರುಪತಿ ಜಾತ್ರೆ ಇರುವಾಗ ಯಾರನ್ನೂ ತರಬೇತಿಗೆ ಬಿಡಲಾಗದು. ಹಾಗಾಗಿ ತರಬೇತಿಯನ್ನು ನವೆಂಬರಿನಲ್ಲಿ ಶುರುಮಾಡಿ ಫೆಬ್ರವರಿಯೊಳಗೆ ಮುಗಿಸಬೇಕು. ಮುಗಿದ ಮೂರು ತಿಂಗಳಿಗೆ, ಪ್ರಮಾಣಪತ್ರಗಳ ಫೋಟೊ ಬದಲು, ಪ್ರತಿ ವಾರ್ಡಿನ ಕೊನೆಯ ನಲ್ಲಿಯ ಕ್ಲೋರಿನ್ ಅಳತೆಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದು ಅರ್ಜಿದಾರರು ಕೋರುತ್ತಾರೆ.